ಯಾವ ಅಲ್ಗಾರಿದಮ್ ಅಂತ ಕೇಳುವ ಮೊದಲು

ಐದು ಹೊರಗಿನ ಸರ್ವಿಸ್ ಜೋಡಿಸಿ ಆ್ಯಪ್ ಕಟ್ಟಿದ್ದೀರಿ. ಒಂದು ಕೈಕೊಟ್ಟರೆ ತಾನಾಗಿ ಇನ್ನೊಂದಕ್ಕೆ ಹೊರಳಬೇಕು, ಅದಕ್ಕೆ ಯಾವ ಅಲ್ಗಾರಿದಮ್ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದನ್ನೇ ಹುಡುಕುತ್ತಿದ್ದೆ.

ನಮ್ಮದು ಬಸ್ ಟಿಕೆಟ್ ಆ್ಯಪ್. ಸೀಟು ಹುಡುಕಲು ಮೂರು ಸರ್ವಿಸ್ ಇದ್ದವು. ಬೇಗ ಉತ್ತರ ಕೊಟ್ಟವರಿಗೆ, ಎರರ್ ಕಮ್ಮಿ ಇದ್ದವರಿಗೆ ಜಾಸ್ತಿ ಅಂಕ. ಜಾಸ್ತಿ ಅಂಕ ಇದ್ದವರಿಗೆ ಜಾಸ್ತಿ ರಿಕ್ವೆಸ್ಟ್. ತಿಂಗಳುಗಟ್ಟಲೆ ಚೆನ್ನಾಗೇ ನಡೆಯಿತು.

ಗೌರಿ ಹಬ್ಬದ ಹಿಂದಿನ ಸಂಜೆ ಬೆಂಗಳೂರಿಂದ ಶಿವಮೊಗ್ಗಕ್ಕೆ ಹುಡುಕಿದವರಿಗೆಲ್ಲ ‘ಬಸ್ ಇಲ್ಲ’ ಅಂತ ಬಂತು. ಮೆಜೆಸ್ಟಿಕ್‌ನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು! ನಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಅಂದರೆ ಎಲ್ಲ ಸರಿ ಇದೆ ಅಂತ. ‘ತವರಿಗೆ ಹೋಗಬೇಕಿತ್ತು, ಒಂದು ಸೀಟೂ ಇಲ್ವಾ?’ ಅಂತ ಒಬ್ಬ ಹೆಣ್ಣುಮಗಳು ಬರೆದಿದ್ದರು. ಆ ಸಾಲು ಇನ್ನೂ ಮರೆತಿಲ್ಲ. ಬಂದ ಉತ್ತರಗಳೆಲ್ಲ ದಾಖಲಾಗುವ ಲಾಗ್ ತೆರೆದೆ. ಸ್ಟೇಟಸ್ 200 (‘ಎಲ್ಲ ಸರಿ’ ಅನ್ನುವ ಕೋಡ್), ಸಮಯ 38 ಮಿಲಿಸೆಕೆಂಡ್, ಸೀಟಿನ ಪಟ್ಟಿ ಖಾಲಿ. ಅದರ ಕೆಳಗೂ ಅದೇ, ಅದರ ಕೆಳಗೂ ಅದೇ.

ಆ ಒಂದು ಸರ್ವಿಸ್‌ಗೆ ಒಳಗೆ ಡೇಟಾಬೇಸ್ ಸಂಪರ್ಕ ಕಡಿದಿತ್ತು. ಎರರ್ ಕೊಡುವ ಬದಲು ಖಾಲಿ ಪಟ್ಟಿ ಕಳಿಸುತ್ತಿತ್ತು. ನಿಜವಾಗಿ ಸೀಟು ಹುಡುಕಲು ಹೊತ್ತು ಬೇಕು, ಏನೂ ಹುಡುಕದೆ ಇರಲು ಹೊತ್ತೇ ಬೇಡ ಅಲ್ವಾ? ಹಾಗಾಗಿ ಅದೇ ಎಲ್ಲರಿಗಿಂತ ವೇಗ. 200 ಬಂದಿದ್ದರಿಂದ ಎರರ್ ಲೆಕ್ಕಕ್ಕೂ ಬೀಳಲಿಲ್ಲ. ಅಂಕ ಏರಿತು, ರಿಕ್ವೆಸ್ಟ್ ಏರಿತು, ಸರಿಯಾಗಿದ್ದ ಎರಡು ಸರ್ವಿಸ್ ಸುಮ್ನೆ ಕೂತವು. ಉತ್ತರ ಬಂತಾ ಅಂತ ಅಳೆದೆ, ಉತ್ತರದಲ್ಲಿ ಏನಿದೆ ಅಂತ ನೋಡಲೇ ಇಲ್ಲ. ತಪ್ಪು ಅಷ್ಟೇ. ಮೂವರಿಗೂ ಸಮನಾಗಿ ಹಂಚಿದ್ದರೆ ಮೂರರಲ್ಲಿ ಒಂದು ಪಾಲು ಜನಕ್ಕೆ ಮಾತ್ರ ತೊಂದರೆ ಆಗುತ್ತಿತ್ತು. ನನ್ನ ಜಾಣ ಲೆಕ್ಕ ಎಲ್ಲರನ್ನೂ ಅದೇ ಗುಂಡಿಗೆ ಕಳಿಸಿತು.

ಅದಕ್ಕೇ ಹೇಳುತ್ತೇನೆ, ಅಲ್ಗಾರಿದಮ್ ಈಗಲೇ ಬೇಡ. ಐದೂ ಸರಿ ಇದ್ದರೆ ಮಾತ್ರ ಕೆಲಸ ಆಗುವಂತೆ ಒಂದರ ಹಿಂದೊಂದು ಬರುವ ಐದು ಸರ್ವಿಸ್ ತಲಾ 99.9% ಕೆಲಸ ಮಾಡಿದರೂ ಒಟ್ಟು ಸಿಗುವುದು ಸುಮಾರು 99.5%. ಅಂದರೆ ತಿಂಗಳಿಗೆ ಮೂರೂವರೆ ಗಂಟೆ ಕೈಕೊಡಬಹುದು. ಅದೂ ಕೆಟ್ಟದ್ದು ಕೆಟ್ಟಂತೆ ಕಂಡಾಗಿನ ಲೆಕ್ಕ. ಮೊದಲು ಸರಿಯಾದ ಉತ್ತರ ಹೇಗಿರಬೇಕು ಅಂತ ಪ್ರತಿ ಸರ್ವಿಸ್‌ಗೂ ಬರೆದಿಡಿ. ನಾವು ಈಗ ನಿಮಿಷಕ್ಕೊಮ್ಮೆ ‘ನಾಳೆ ಬೆಳಗ್ಗೆ ಬೆಂಗಳೂರಿಂದ ಮೈಸೂರಿಗೆ’ ಅಂತ ಕೇಳಿ ನೋಡುತ್ತೇವೆ. ಅಲ್ಲಿ ಸಾಮಾನ್ಯವಾಗಿ ಬಸ್ ಇಲ್ಲದ ದಿನ ಇರುವುದಿಲ್ಲ. ಖಾಲಿ ಬಂದರೆ, 200 ಇದ್ದರೂ, ಅದು ಕೆಟ್ಟಿದೆ ಅಂತಲೇ ಲೆಕ್ಕ. ಯಾರಿಗೂ 60%ಗಿಂತ ಜಾಸ್ತಿ ರಿಕ್ವೆಸ್ಟ್ ಕೊಡುವುದಿಲ್ಲ.

ಎರಡು ತಿಂಗಳು ಹೊರಳಿಸುವ ಸ್ವಿಚ್ ನಿಮ್ಮ ಕೈಯಲ್ಲೇ ಇರಲಿ. ಯಾವುದು ಹೇಗೆ ಕೆಡುತ್ತದೆ ಅಂತ ಗುರುತು ಮಾಡಿಕೊಳ್ಳಿ. ಆ ಪಟ್ಟಿ ಹಿಡಿದು ಬನ್ನಿ, ಆಗ ಅಲ್ಗಾರಿದಮ್ ಬಗ್ಗೆ ಮಾತಾಡೋಣ.