ಹಳೇ ಟಾಟಾ 407 ಲಾರಿ ಹೀಟ್ ಆಗುತ್ತಿದ್ದರೆ ಎಂಜಿನ್ ಬ್ಲಾಕ್ ಪ್ಲಗ್ ಬಿಚ್ಚಿ ನೋಡಿ

ಮಾಲೂರಿನಿಂದ ಮಾರ್ಕೆಟ್‌ಗೆ ತರಕಾರಿ ಹೊಡೆಯುವ ಹಳೇ 407 ಬಗ್ಗೆ ಕೇಳಿದ್ರಲ್ಲ ಅಣ್ಣ, ಎರಡು ಸಲ ರೇಡಿಯೇಟರ್ ನೀರು ಬದಲಾಯಿಸಿದರೂ ತಿಂಗಳೊಳಗೆ ಮತ್ತೆ ಕೆಂಪಗಾಗುತ್ತದೆ, ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಸುಮ್ನೆ ಇರುತ್ತದೆ, ಲೋಡ್ ಹಾಕಿಕೊಂಡು ಓಡಿಸಿದರೆ ಮಾತ್ರ ಏರುತ್ತದೆ, ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತೆಗೆದುಬಿಡೋಣ ಅಂತಿದ್ದಾನೆ ಅಂತ. ತೆಗೆಸಬೇಡಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಹೀಟ್ ಆದರೆ ಫ್ಯಾನ್, ಬೆಲ್ಟ್ ನೋಡಬೇಕು. ಲೋಡಿನಲ್ಲಿ ಓಡುವಾಗ ಹೀಟ್ ಆದರೆ ಸಾಮಾನ್ಯವಾಗಿ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಒಂದೋ ರೇಡಿಯೇಟರ್ ಹೊರಗಡೆ ಧೂಳು, ಹುಳ, ಹುಲ್ಲು ತುಂಬಿದೆ, ಇಲ್ಲಾಂದ್ರೆ ಒಳಗಿನ ಕೊಳವೆಗಳು ಮುಚ್ಚಿವೆ. ಹೊರಗಡೆದು ಸುಲಭ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ, ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆದರೆ ನೀರು ಕೆಂಪಗಾಗುತ್ತಿದೆ ಅಂದಿರಲ್ಲ, ಅದು ಎಂಜಿನ್ನಿನ ಕಬ್ಬಿಣದ ಬ್ಲಾಕಿನ ತುಕ್ಕು. ನನ್ನ ಅನುಮಾನ ಒಳಗಿನ ಮೇಲೇ.

ನನ್ನದೂ 407, 1999ರ ಮಾಡೆಲ್. ಹೆಸರಘಟ್ಟ ಕಡೆ ಚಿಕ್ಕ ನರ್ಸರಿ ಇದೆ, ಗಿಡ ಸಾಗಿಸಲು ಇಟ್ಟುಕೊಂಡಿದ್ದೇನೆ. ನಿಮ್ಮ ಹಾಗೇ ನಾನೂ ರೇಡಿಯೇಟರ್ ಕೆಳಗಿನ ಟ್ಯಾಪ್ ತಿರುಗಿಸಿ ನೀರು ಬಿಟ್ಟು, ಸಂಪಿನಿಂದ ಬೋರ್‌ವೆಲ್ ನೀರು ತುಂಬಿ, ಕೂಲೆಂಟ್ ಸುರಿದು, ಕೆಲಸ ಮುಗೀತು ಅಂದುಕೊಂಡಿದ್ದೆ. ಎರಡು ವರ್ಷ ಹೀಗೇ ಮಾಡಿದೆ. ಹೊರಗೆ ಬಂದ ನೀರನ್ನು ಬಕೆಟ್‌ನಲ್ಲಿ ಅಳೆದಾಗ ಗೊತ್ತಾಯಿತು, ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯ ಅರ್ಧವೂ ಇಲ್ಲ. ಉಳಿದದ್ದು ಬ್ಲಾಕ್ ಒಳಗೇ ಕೂತಿತ್ತು. ಹೊಸದನ್ನು ಹಳೇದರ ಮೇಲೆ ಸುರಿಯುತ್ತಿದ್ದೆ ಅಷ್ಟೇ.

ಎಂಜಿನ್ ಪಕ್ಕದಲ್ಲಿ, ಬ್ಲಾಕಿನ ಕೆಳಭಾಗದಲ್ಲಿ ಒಂದು ಡ್ರೈನ್ ಪ್ಲಗ್ ಇರುತ್ತದೆ. ಕೆಲವದರಲ್ಲಿ ಚಿಕ್ಕ ಟ್ಯಾಪ್. ಮಣ್ಣು, ಆಯಿಲ್ ಮೆತ್ತಿ ಕಾಣುವುದೇ ಇಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಗ್ಗೆ ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ, ಜೋರು ಮಾಡಿ ಎಳೆಯಬೇಡಿ. ನಾನು ಬಿಚ್ಚಿದಾಗ ಒಂದು ಹನಿ ನೀರೂ ಬರಲಿಲ್ಲ. ಬೇರೆ ಯಾವುದೋ ಪ್ಲಗ್ ಬಿಚ್ಚಿದೆನಾ ಅಂತ ಗಾಬರಿಯಾಯಿತು. ಒಂದು ತಂತಿ ತೂರಿಸಿ ಕೆದಕಿದೆ ನೋಡಿ, ಮೊದಲು ಕೆಸರು, ಆಮೇಲೆ ಕೆಂಪು ನೀರು ಜೋರಾಗಿ ಬಂತು, ಸೀದಾ ಅಂಗಿ ತೋಳಿನೊಳಗೆ. ಗಾಡಿ ಪೂರ್ತಿ ತಣ್ಣಗಿದ್ದಾಗಲೇ ಇದನ್ನು ಮಾಡಿ ಅಂತ ಹೇಳುವುದು ಅದಕ್ಕೇ. ರೇಡಿಯೇಟರ್ ಕ್ಯಾಪ್ ಕೂಡ ಹಾಗೇ, ಬಿಸಿ ಇದ್ದಾಗ ಮುಟ್ಟಲೇಬೇಡಿ.

ತೊಳೆಯುವಾಗ ಮಾತ್ರ ಥರ್ಮೋಸ್ಟಾಟ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಅದು ಮುಚ್ಚಿಕೊಂಡು ನೀರು ಸುತ್ತುವುದೇ ಇಲ್ಲ. ಮೇಲಿನ, ಕೆಳಗಿನ ಹೋಸ್ ಎರಡನ್ನೂ ಬಿಚ್ಚಿ, ರೇಡಿಯೇಟರ್‌ಗೆ ಕೆಳಗಿನಿಂದ ಮೇಲಕ್ಕೆ ಪೈಪ್‌ನಲ್ಲಿ ನೀರು ಬಿಡಿ, ಅಂದರೆ ಮಾಮೂಲಿ ಹರಿಯುವ ದಿಕ್ಕಿಗೆ ಉಲ್ಟಾ. ಬ್ಲಾಕಿಗೂ ಹಾಗೇ. ತಿಳಿನೀರು ಬರುವ ತನಕ. ಇಷ್ಟಕ್ಕೆ ಬೋರ್ ನೀರು ಪರವಾಗಿಲ್ಲ, ಕೊನೆಯ ತುಂಬುವಿಕೆಗೆ ಮಾತ್ರ ಬೇಡವೇ ಬೇಡ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಗೊತ್ತು, ತೂತಿನ ಬಾಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುವುದು ಇದೇ ನೀರಿನ ಸುಣ್ಣ. ಗೀಸರ್ ಕಾಯಿಲ್ ಮೇಲೆ ಕೂರುವುದೂ ಅದೇ ಸುಣ್ಣ. ರೇಡಿಯೇಟರ್ ಕೊಳವೆಯೂ ಕಿರಿದೇ.

ಸುಣ್ಣ, ತುಕ್ಕು ಜಾಸ್ತಿ ಇದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿ, ಮುಳ್ಳಿನ ಮೇಲೆ ಕಣ್ಣಿಟ್ಟು ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಇನ್ನೊಂದು 20 ನಿಮಿಷ ಬಿಟ್ಟು ಆಫ್ ಮಾಡಿ. ತಣ್ಣಗಾದ ಮೇಲೆ ಖಾಲಿ ಮಾಡಿ ಎರಡು ಮೂರು ಸಲ ತೊಳೆಯಿರಿ. ರಾತ್ರಿಯೆಲ್ಲಾ ಒಳಗೇ ಬಿಡಬೇಡಿ. ಟಾಯ್ಲೆಟ್ ಆಸಿಡ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಇನ್ನೊಂದು ಮಾತು: ಹಳೇ ರೇಡಿಯೇಟರ್‌ನಲ್ಲಿ ಎಷ್ಟೋ ಸಲ ಕೊಳೆಯೇ ತೂತು ಮುಚ್ಚಿಕೊಂಡಿರುತ್ತದೆ. ತೊಳೆದ ಮೇಲೆ ಸೋರಿದರೆ ನನ್ನನ್ನು ಬೈಯಬೇಡಿ, ತೂತು ಮೊದಲಿಂದಲೂ ಇತ್ತು. ದಾರಿಯಲ್ಲಿ ಸೋರಿದಾಗ ಡ್ರೈವರ್‌ಗಳು ಅರಿಶಿನ ಪುಡಿ ಹಾಕುತ್ತಾರಲ್ಲ, ಮನೆ ಸೇರಲು ಸರಿ, ಆದರೆ ತೂತು ಮುಚ್ಚಿದ ಅರಿಶಿನ ಕೊಳವೆಯನ್ನೂ ಮುಚ್ಚುತ್ತದೆ. ನಿಮ್ಮ ಗಾಡಿಗೆ ಹಿಂದಿನ ಓನರ್ ಹಾಕಿದ್ದನಾ ಕೇಳಿ ನೋಡಿ. ಅಷ್ಟಾದರೂ ನೀರು ಸರಾಗವಾಗಿ ಇಳಿಯದಿದ್ದರೆ ರೇಡಿಯೇಟರ್ ಬಿಚ್ಚಿ ರಿಪೇರಿಯವರ ಹತ್ತಿರ ಒಯ್ಯಿರಿ. ಹಳೇ ತಾಮ್ರ, ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಸಲಾಕೆ ಹಾಕಿ ಕ್ಲೀನ್ ಮಾಡಿ ಮತ್ತೆ ಬೆಸೆಯುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆದರೆ ಬದಲಾಯಿಸುವುದೇ ವಾಸಿ. ಹೋಸ್, ಕ್ಲಿಪ್, ಕ್ಯಾಪ್ ಎಲ್ಲಾ ಜೆ.ಸಿ. ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ, ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಈಗ ಥರ್ಮೋಸ್ಟಾಟ್. ಪಾತ್ರೆಯಲ್ಲಿ ನೀರಿಟ್ಟು ದಾರದಲ್ಲಿ ತೂಗುಬಿಟ್ಟು ಸ್ಟೌ ಹಚ್ಚಿ. ಕುದಿಯುವ ಮೊದಲೇ ಬಾಯಿ ಬಿಡಬೇಕು. ಬಿಡಲಿಲ್ಲ ಅಂದರೆ ಹೊಸದು ಹಾಕಿ. ಅದಿಲ್ಲದೆ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಬೈಪಾಸ್ ದಾರಿ ತೆರೆದೇ ಉಳಿದು, ಒಂದಿಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ವಾಪಸ್ ಎಂಜಿನ್‌ಗೇ ಹೋಗುತ್ತದೆ. ಹೀಟ್ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿಕೊಂಡ ಹಾಗೆ.

ಕ್ಯಾಪನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ಒಂದೊಂದು ಪಿಎಸ್‌ಐಗೂ (ಒತ್ತಡದ ಅಳತೆ) ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಷ್ಟೂ ಹೋಯಿತು. ಹೊಸದು ತರುವಾಗ ಹಳೇದರ ಮೇಲಿರುವ ನಂಬರೇ ತನ್ನಿ, ದೊಡ್ಡ ನಂಬರ್ ಹಾಕಿದರೆ ಹಳೇ ಹೋಸ್ ಒಡೆಯುತ್ತದೆ.

ತುಂಬುವುದು: ನಮಗೆ ಹಿಮದ ಭಯ ಇಲ್ಲ, ಆದರೂ ಕೂಲೆಂಟ್ ಬೇಕು. ತುಕ್ಕು ತಡೆಯುವುದು, ವಾಟರ್ ಬಾಡಿ (ನೀರು ಸುತ್ತಿಸುವ ಪಂಪ್) ಕಾಪಾಡುವುದು ಅದೇ. ಕಾನ್ಸಂಟ್ರೇಟ್ (ನೀರು ಬೆರೆಸಬೇಕಾದ ಕೂಲೆಂಟ್) ಆದರೆ ಒಟ್ಟು ಅಳತೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬೇಡ, ಅರ್ಧಕ್ಕಿಂತ ಜಾಸ್ತಿಯೂ ಬೇಡ. ಶಾಖ ಹೊರುವುದರಲ್ಲಿ ನೀರೇ ಮುಂದು. ತೊಳೆದ ನೀರು ಬ್ಲಾಕಿನಲ್ಲಿ ಸ್ವಲ್ಪ ಉಳಿದೇ ಇರುತ್ತದೆ, ಹಾಗಾಗಿ ಮೊದಲು ಅಳತೆಯ ಕಾನ್ಸಂಟ್ರೇಟ್ ಸುರಿದು, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಿಂದ ಭರ್ತಿ ಮಾಡಿ. ಬಣ್ಣ ನೋಡಿ ನಂಬಬೇಡಿ, ಹಸಿರು, ಕೆಂಪು ಒಂದೊಂದು ಕಂಪನಿಗೆ ಒಂದೊಂದು ಥರ. ಎರಡು ಜಾತಿ ಬೆರೆಸಬೇಡಿ.

ಗಾಡಿ ಮೂತಿ ಸ್ವಲ್ಪ ಎತ್ತರಕ್ಕೆ ಇರುವ ಹಾಗೆ ನಿಲ್ಲಿಸಿ, ನಿಧಾನವಾಗಿ ಸುರಿಯಿರಿ, ಮಧ್ಯೆ ಮಧ್ಯೆ ಮೇಲಿನ ಹೋಸ್ ಹಿಂಡಿ. ಕ್ಯಾಪ್ ಹಾಕದೆ ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸ್ ಬಿಸಿಯಾಗಿ ಮಟ್ಟ ತಟ್ಟನೆ ಇಳಿಯುತ್ತದೆ, ಮತ್ತೆ ಭರ್ತಿ ಮಾಡಿ. ಗುಳ್ಳೆ ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯದ ಸೀಲ್) ಮೇಲೆ ಅನುಮಾನ ಪಡಿ, ಆಗ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಹೊರಗೆ ಬಂದ ಹಳೇ ಕೂಲೆಂಟನ್ನು ಮೋರಿಗೆ ಬಿಡಬೇಡಿ. ಸಿಹಿ ಇರುತ್ತದೆ, ನಾಯಿ, ಹಸು ನೆಕ್ಕಿ ಸಾಯುತ್ತವೆ. ಮುಚ್ಚಳದ ಕ್ಯಾನಿಗೆ ತುಂಬಿ, ಹಳೇದನ್ನು ತೆಗೆದುಕೊಳ್ಳುವ ಸರ್ವೀಸ್ ಸೆಂಟರ್‌ಗೆ ಕೊಡಿ.

ಬ್ಲಾಕ್ ಪ್ಲಗ್ ಬಿಚ್ಚಿದಾಗ ಏನು ಬಂತು, ಒಂದು ಫೋಟೋ ಹಾಕಿ. ಕಾಫಿ ಬಣ್ಣದ ಕೆಸರಾದರೆ ತುಕ್ಕು, ಮಜ್ಜಿಗೆ ಥರ ಇದ್ದರೆ ಆಯಿಲ್ ಸೇರಿದೆ. ಮಜ್ಜಿಗೆ ಆದರೆ ಗಾಡಿ ಸ್ಟಾರ್ಟ್ ಮಾಡದೆ ಮೊದಲು ಇಲ್ಲಿ ಹೇಳಿ.