ಪ್ಲೇಟ್‌ಲೆಟ್ ಸರಿಯಾಗಿಯೇ ಇದೆ, ಅಮ್ಮನಿಗೆ ಮರೆವು ಯಾಕೆ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಈಚೆಗೆ ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ, ನಡಿಗೆಯೂ ನಿಧಾನ. ಸಕ್ಕರೆ ಕಾಯಿಲೆಯವರ ಪ್ಲೇಟ್‌ಲೆಟ್‌ನಿಂದ ಮೆದುಳಿಗೆ ತೊಂದರೆ ಅಂತ ಓದಿದೆ. ಅಮ್ಮನದು 2.3 ಲಕ್ಷ ಬಂದಿದೆ. ಪಪ್ಪಾಯಿ ಎಲೆ ರಸ ಕೊಡಲಾ? ಊಟದಲ್ಲಿ ಏನು ಬದಲಾಯಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪಪ್ಪಾಯಿ ಎಲೆ ರಸ ಬೇಡವೇ ಬೇಡ. 1.5ರಿಂದ 4.5 ಲಕ್ಷದೊಳಗೆ ಇದ್ದರೆ ಸಾಕು, ಅಮ್ಮನಿಗೆ ಕೊರತೆ ಏನೂ ಇಲ್ಲ. ನೀವು ಓದಿದ್ದು ನಿಜ, ಆದರೆ ತೊಂದರೆ ಇರುವುದು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಸ್ವಭಾವದಲ್ಲಿ. ರಕ್ತದಲ್ಲಿ ಸಕ್ಕರೆ ಸದಾ ಜಾಸ್ತಿ ಇದ್ದರೆ ಅವುಗಳ ಹೊರಪೊರೆಯ ಪ್ರೋಟೀನ್‌ಗೂ ಸಕ್ಕರೆ ಅಂಟುತ್ತದೆ, ಅವನ್ನು ತಣ್ಣಗಿಡುವ ಇನ್ಸುಲಿನ್ ಮಾತೂ ನಡೆಯುವುದಿಲ್ಲ, ಹಾಗಾಗಿ ಸಣ್ಣ ನೆಪಕ್ಕೂ ಕೆರಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆದುಳಿನ ಆಳದಲ್ಲಿರುವ ತೀರಾ ಸಣ್ಣ ರಕ್ತನಾಳಗಳು ಸಕ್ಕರೆಯಿಂದ, ಬಿಪಿಯಿಂದ ಮೊದಲೇ ಸೊರಗಿರುತ್ತವೆ. ಅಲ್ಲಿ ಚೂರುಚೂರೇ ತಡೆಯಾದರೆ ಕೈಕಾಲು ಬೀಳದೇ ಇರಬಹುದು, ಆದರೆ ಯೋಚನೆ ಮತ್ತು ನಡಿಗೆ ಎರಡೂ ನಿಧಾನವಾಗುತ್ತವೆ.

ಪ್ಲೇಟ್‌ಲೆಟ್ ಬದುಕುವುದು 7ರಿಂದ 10 ದಿನ ಅಷ್ಟೇ. ಹೊಸವು ಬರುತ್ತಲೇ ಇರುತ್ತವೆ, ಅವು ಎಂಥ ರಕ್ತದಲ್ಲಿ ಓಡಾಡುತ್ತವೆ ಅನ್ನುವುದು ಬಹಳಷ್ಟು ತಟ್ಟೆಯಲ್ಲಿದೆ. ನಿಮ್ಮೂರಲ್ಲಿ ಸಂಜೆಯ ಮಂಡಕ್ಕಿ-ಮಿರ್ಚಿ ಬಿಡಿ ಅನ್ನುವುದು ಕಷ್ಟ, ಆದರೂ ಹೇಳುತ್ತೇನೆ: ಮಂಡಕ್ಕಿ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ, ಅಪರೂಪಕ್ಕೆ ಸಾಕು. ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ ಒಂದೆರಡು, ಜೊತೆಗೆ ಕಾಳುಪಲ್ಯ, ಸೊಪ್ಪು, ಅಗಸೆ ಚಟ್ನಿಪುಡಿ. ಮೀನು ತಿನ್ನುವವರಾದರೆ ಬಂಗುಡೆ ಒಳ್ಳೆಯದು, ಅದರ ಒಮೆಗಾ-3 ಕೊಬ್ಬು ಪ್ಲೇಟ್‌ಲೆಟ್ ಅಂಟುವುದನ್ನು ಸ್ವಲ್ಪ ತಗ್ಗಿಸುತ್ತದೆ. ಸ್ಪೇನ್‌ನಲ್ಲಿ 7,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನದಲ್ಲಿ ತರಕಾರಿ, ಕಾಳಿನ ಊಟದ ಜೊತೆ ಆಲಿವ್ ಎಣ್ಣೆಯನ್ನೋ ಅಕ್ರೋಟು-ಬಾದಾಮಿಯನ್ನೋ ತಿಂದವರಲ್ಲಿ ಪಾರ್ಶ್ವವಾಯು ಕಡಿಮೆ ಕಂಡಿತು. ಅವರಲ್ಲಿ ಅರ್ಧದಷ್ಟು ಜನ ಸಕ್ಕರೆ ಕಾಯಿಲೆಯವರೇ.

ಇನ್ನೊಂದು ಮುಖ್ಯ ಮಾತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಜಾಸ್ತಿ. ಅದರಿಂದಲೂ ಮರೆವು ಬರುತ್ತದೆ, ನಡಿಗೆ ತಪ್ಪುತ್ತದೆ, ಬೇಗ ಗೊತ್ತಾದರೆ ಸರಿಹೋಗುವ ಸಾಧ್ಯತೆಯೂ ಇದೆ. ಬಿ12, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ಸರಾಸರಿ, ಬಿಪಿ ಎಲ್ಲವನ್ನೂ ಈ ವಾರವೇ ನೋಡಿಸಿ. ರಕ್ತ ತೆಳುವಾಗಲಿ ಅಂತ ಸುಮ್ನೆ ನೀವೇ ಆಸ್ಪಿರಿನ್ ಶುರು ಮಾಡಬೇಡಿ, ಈ ವಯಸ್ಸಿನಲ್ಲಿ ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತಸ್ರಾವ ಆಗುವ ಅಪಾಯವಿದೆ. ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಮಾತ್ರ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ.