ಚರ್ಚಿನೊಳಗೆ ವಿಚಾರಣೆ ಬೇಡ, ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ

ಸಂಡೇ ಸ್ಕೂಲಿನ ಹುಡುಗಿಯೊಬ್ಬಳು ಕ್ವಾಯರ್ (ಚರ್ಚಿನ ಹಾಡಿನ ತಂಡ) ಕಲಿಸುವವನ ಲೈಂಗಿಕ ದೌರ್ಜನ್ಯದ ಬಗ್ಗೆ ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳೆ. ಸಭೆಯ, ಅಂದರೆ ಚರ್ಚಿನವರ, ಹೆಸರು ಕೆಡದಂತೆ ಒಳಗೇ ಒಂದು ಕಮಿಟಿ ಮಾಡಿ ವಿಚಾರಿಸುವುದು ಹೇಗೆ ಅಂತ ಕೇಳಿದ್ದೀರಿ. ಅಂಥದೇ ಕಮಿಟಿಯಲ್ಲಿ ಕೂತವಳು ನಾನು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ನಮ್ಮದು ಬಯಲುಸೀಮೆಯ ಸಣ್ಣ ಊರಿನ ಪ್ರಾಟೆಸ್ಟೆಂಟ್ ಸಭೆ. ತಲೆಮಾರುಗಳಿಂದ ಕೊಟ್ಟು ತಂದ ಸಂಬಂಧ, ಒಬ್ಬರಿಗೊಬ್ಬರು ಏನಾದರೂ ಆಗಲೇಬೇಕು. ನಾನು ಸಂಡೇ ಸ್ಕೂಲ್ ನೋಡಿಕೊಳ್ಳುತ್ತಿದ್ದೆ. ಬೇಸಿಗೆ ರಜೆಯ ವಿ.ಬಿ.ಎಸ್. (ಮಕ್ಕಳ ಬೈಬಲ್ ಶಿಬಿರ) ಮುಗಿದ ಮೇಲೆ ಐದನೇ ಕ್ಲಾಸಿನ ಹುಡುಗಿ ಬಂದು "ಆಂಟಿ, ನಾನು ಇನ್ನು ಹಾಡಿನ ಪ್ರಾಕ್ಟೀಸಿಗೆ ಬರಲ್ಲ" ಅಂದಳು. ಯಾಕೆ ಅಂದೆ. ಎರಡು ಮಾತಿನಲ್ಲಿ ಹೇಳಿದಳು. ಅವಳ ಮುಖ ನೋಡಿದರೆ ಅದು ಕಟ್ಟುಕಥೆಯಲ್ಲ ಅಂತ ಯಾರಿಗಾದರೂ ತಿಳಿಯುತ್ತಿತ್ತು, ನನಗೂ ತಿಳಿಯಿತು.

ಪೊಲೀಸರಿಗೆ ತಿಳಿಸಲು ಅಷ್ಟು ಸಾಕಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್‌ನಿಂದಲೇ ಜಾರಿಯಲ್ಲಿತ್ತು. ಆದರೆ ನಾನು "ಸರಿಯಾಗಿ ಹೇಳು, ಎಲ್ಲಿ ಮುಟ್ಟಿದ, ಹೀಗಾ, ಹಾಗಾ" ಅಂತ ಕೇಳುತ್ತ ಹೋದೆ. ಅವಳ ಬಾಯಲ್ಲಿಲ್ಲದ ಮಾತನ್ನು ನಾನೇ ಹಾಕಿಕೊಟ್ಟೆ. ಆಮೇಲೆ ಸಭಾಪಾಲಕರ (ಪಾಸ್ಟರ್) ಮನೆಗೆ ಕರೆದುಕೊಂಡು ಹೋಗಿ, "ಇವರ ಮುಂದೆ ಇನ್ನೊಂದು ಸಲ ಹೇಳು ಮಗಾ" ಅಂದೆ. ಅವರು ಕೆಟ್ಟವರಲ್ಲ, ಗಾಬರಿಯಾಗಿದ್ದರು. "ಒಂದು ಕಡೆ ಮಾತು ಕೇಳಿ ತೀರ್ಮಾನ ಮಾಡಬಾರದು, ಕಮಿಟಿ ಸೇರಿಸೋಣ" ಅಂದರು. ನ್ಯಾಯವಾಗಿಯೇ ಕಂಡಿತು. ಕಮಿಟಿಯಲ್ಲಿ ಆರೋಪ ಬಂದವನ ಚಿಕ್ಕಪ್ಪನೂ ಇದ್ದರು. ಹುಡುಗಿಯನ್ನು ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಕುರ್ಚಿ ಹಾಕಿ ಕೂರಿಸಿದೆವು. ಸುತ್ತ ಅವಳು ಹುಟ್ಟಿದಾಗಿನಿಂದ ಅಂಕಲ್, ತಾತ ಅಂತ ಕರೆದವರು. ಪ್ರಾರ್ಥನೆ ಮಾಡಿ ಶುರು ಮಾಡಿದೆವು. ಅವಳು ತಲೆ ತಗ್ಗಿಸಿ "ಏನೂ ಆಗಿಲ್ಲ" ಅಂದಳು.

ಕಾರ್ಯದರ್ಶಿ ಅದನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆದರು. ಎಲ್ಲರೂ ಸಹಿ ಹಾಕಿದೆವು, ನಾನೂ ಹಾಕಿದೆ.

ಆ ಸಹಿಯ ಬೆಲೆ ಆಮೇಲೆ ಗೊತ್ತಾಯಿತು. ಅವನು ಬೇರೆ ಊರಿಗೆ ಹೋದ. ನಮ್ಮ ಸಭೆಯಿಂದ ಒಳ್ಳೆಯ ನಡತೆಯ ಪತ್ರ ತೆಗೆದುಕೊಂಡೇ ಹೋದ. ಅಲ್ಲಿ ಇನ್ನೊಂದು ಮಗುವಿನ ತಾಯಿ ನೇರವಾಗಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದರು. ತನಿಖೆ ನಮ್ಮ ಊರಿಗೂ ಬಂತು. ನಮ್ಮ ಹುಡುಗಿ ಅಷ್ಟು ಹೊತ್ತಿಗೆ ದೊಡ್ಡವಳಾಗಿದ್ದಳು, ಧೈರ್ಯ ಮಾಡಿ ಹೇಳಿಕೆ ಕೊಟ್ಟಳು. ಕೋರ್ಟಿನಲ್ಲಿ ಅವನ ಪರ ವಕೀಲರು ತೆಗೆದಿದ್ದು ನಮ್ಮ ಮಿನಿಟ್ಸ್ ಪುಸ್ತಕ. "ಅಂದು ಹಿರಿಯರ ಮುಂದೆ ಏನೂ ಆಗಿಲ್ಲ ಎಂದಿದ್ದೀರಿ." ನನ್ನನ್ನೂ ಸಾಕ್ಷಿಕಟ್ಟೆಗೆ ಕರೆದು, ಯಾವ ಪ್ರಶ್ನೆ ಹೇಗೆ ಕೇಳಿದಿರಿ ಅಂತ ಬಿಡಿಸಿ ಬಿಡಿಸಿ ಕೇಳಿದರು. ಮಗುವಿನ ಬಾಯಿಗೆ ನಾನೇ ಮಾತು ಹಾಕಿದೆ ಅನ್ನುವಂತೆ ಅದು ತಿರುಗಿತು, ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಅವಳ ತಾಯಿ ಹೊರಗೆ ಕಾರಿಡಾರಿನಲ್ಲಿ "ಅಕ್ಕಾ, ನಾವು ನಿಮ್ಮನ್ನ ನಂಬಿದ್ವಿ" ಅಂದರು. ಬೇರೇನೂ ಅನ್ನಲಿಲ್ಲ.

ಕಮಿಟಿ ಸರಿಯಾಗಿ ನಡೆಯಲಿಲ್ಲ, ನೀವು ಸರಿಯಾಗಿ ನಡೆಸಿ ಅಂತ ನಾನು ಹೇಳುತ್ತಿಲ್ಲ. ಕಮಿಟಿಯೇ ಬೇಡ ಅನ್ನುತ್ತಿದ್ದೇನೆ. ಪೋಕ್ಸೊ 33ನೇ ಸೆಕ್ಷನ್ ಪ್ರಕಾರ, ಮಗುವನ್ನು ಮತ್ತೆ ಮತ್ತೆ ಸಾಕ್ಷಿ ಹೇಳಲು ಕರೆಸದಂತೆ ವಿಶೇಷ ನ್ಯಾಯಾಲಯವೇ ನೋಡಿಕೊಳ್ಳಬೇಕು. ವಕೀಲರು ಕೂಡ ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕ ಕೇಳಬೇಕು. ಜಡ್ಜ್ ಇಷ್ಟು ಎಚ್ಚರ ವಹಿಸಬೇಕಾದ ಕಡೆ ಹಾರ್ಮೋನಿಯಂ ಪೆಟ್ಟಿಗೆ ಪಕ್ಕ ಕೂತ ನಾವು ಯಾರು ವಿಚಾರಿಸಲು?

19ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ನಿಮ್ಮ ಸಭಾಪಾಲಕರಿಗೆ ಇದನ್ನು ಓದಿ ಹೇಳಿ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದಂತೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಧಾರ್ಮಿಕ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗುವ ಲೈಂಗಿಕ ದೌರ್ಜನ್ಯವನ್ನು ಕಾನೂನು ಹೆಚ್ಚು ಗಂಭೀರ ಅಪರಾಧ ಅಂತಲೇ ಎಣಿಸುತ್ತದೆ.

ಪೊಲೀಸ್ ಅಂದರೆ ಮಗು ಹೆದರುತ್ತದೆ ಅಂತ ನೀವು ಬರೆದಿದ್ದೀರಿ. ನಮ್ಮ ಕಮಿಟಿಯಲ್ಲೂ ಇದೇ ಮಾತು ಬಂದಿತ್ತು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಯೂನಿಫಾರ್ಮ್ ಇಲ್ಲದೆ ಬರೆದುಕೊಳ್ಳಬೇಕು. ತಂದೆತಾಯಿ ಅಥವಾ ಅವಳು ನಂಬುವವರು ಪಕ್ಕದಲ್ಲಿರಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಎಲ್ಲ ಠಾಣೆಯಲ್ಲೂ ಇದು ಹೀಗೇ ನಡೆಯುತ್ತದೆ ಅಂತ ನಾನು ಹೇಳಲಾರೆ. ಅದಕ್ಕೇ ಮೊದಲು 1098. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ಸುದ್ದಿ ಮುಟ್ಟಿದರೆ ಮಗುವಿನ ಜೊತೆಗಿರಲು ಸಹಾಯಕ ವ್ಯಕ್ತಿಯನ್ನು ನೇಮಿಸಲೂ ಅವಕಾಶವಿದೆ. ನಮ್ಮ ಹುಡುಗಿಗೆ ಕೊನೆಗೆ ಸಿಕ್ಕ ಅಂಥ ಹೆಣ್ಣುಮಗಳೊಬ್ಬಳು ನಮ್ಮ ಇಡೀ ಸಭೆ ಮಾಡದ ಕೆಲಸ ಮಾಡಿದಳು.

ಇನ್ನು ಬೈಬಲಿನ ಮತ್ತಾಯ 18ನೇ ಅಧ್ಯಾಯ. ನಿಮ್ಮ ಹಿರಿಯರೊಬ್ಬರು ಅದನ್ನು ಎತ್ತಿದ್ದಾರೆ ಅಂತ ಬರೆದಿದ್ದೀರಿ, ಎತ್ತದೇ ಇದ್ದರೆ ಆಶ್ಚರ್ಯ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಹೇಳು, ಆಮೇಲೆ ಸಭೆಗೆ ಹೇಳು ಅನ್ನುವುದು 15ನೇ ವಚನದಿಂದ ಮುಂದೆ ಬರುತ್ತದೆ. ಅದೇ ಅಧ್ಯಾಯದ 6ನೇ ವಚನವನ್ನು ಅವರಿಗೆ ಓದಿಸಿ. ಚಿಕ್ಕವರಿಗೆ ಅಡ್ಡಿಯಾಗುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟುವ ಮಾತು ಮೊದಲು ಬರುತ್ತದೆ. ಹತ್ತು ವರ್ಷದ ಹುಡುಗಿ, ನಲವತ್ತರ ಗಂಡಸು ರಾಜಿ ಮಾಡಿಕೊಳ್ಳಬೇಕಾದ ಸಹೋದರರಲ್ಲ. ಅವಳಿಗೆ "ಕ್ಷಮಿಸಿಬಿಡು" ಅಂತ ಹೇಳಲು ಯಾರನ್ನೂ ಬಿಡಬೇಡಿ. ನಾವು ಹೇಳಿದೆವು. ಆ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ.

ಮುಂದೆ ಹೀಗಾಗದಂತೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಗೋಡೆಗೆ ನಿಯಮಾವಳಿ ಅಂಟಿಸಿದರೆ ಏನೂ ಆಗದು. ಮಗುವಿನ ಜೊತೆ ಒಬ್ಬರೇ ದೊಡ್ಡವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಬಾರದು, ಹಾಡು ಕಲಿಸಲು ಕೂಡ. ರಿಟ್ರೀಟಿಗೆ (ಪ್ರಾರ್ಥನಾ ಶಿಬಿರಕ್ಕೆ) ಹೋದಾಗ ಯಾರು ಎಲ್ಲಿ ಮಲಗುತ್ತಾರೆ ಅಂತ ತಾಯಂದಿರಿಗೆ ಮೊದಲೇ ಗೊತ್ತಿರಬೇಕು. ರಾತ್ರಿ ಮಕ್ಕಳಿಗೆ ಖಾಸಗಿಯಾಗಿ ವಾಟ್ಸಾಪ್ ಮಾಡುವವರಿಂದ ಸಂಡೇ ಸ್ಕೂಲ್ ಜವಾಬ್ದಾರಿ ವಾಪಸ್ ತೆಗೆದುಕೊಳ್ಳಿ. 2020ರ ಪೋಕ್ಸೊ ನಿಯಮಗಳು ಮಕ್ಕಳ ಜೊತೆ ನಿಯಮಿತ ಒಡನಾಟವಿರುವ ಸಂಸ್ಥೆಗಳಿಗೆ ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಮಾಡಿಸಲು ಹೇಳುತ್ತವೆ. "ನಮ್ಮವರೇ ಅಲ್ವಾ" ಅನ್ನುವವರಿದ್ದಾರೆ, ನಮ್ಮಲ್ಲೂ ಇದ್ದರು. ನಮ್ಮವನೇ ಆಗಿದ್ದ.

ನೀವು ಕೇಳದಿದ್ದರೂ ಒಂದು ಮಾತು. ಒಂಟಿ ಅಜ್ಜಿಯರು, ಬುದ್ಧಿಮಾಂದ್ಯ ದೊಡ್ಡವರ ಕಡೆಗೂ ಕಣ್ಣಿಡಿ. ಪಿಂಚಣಿ ತಂದುಕೊಡುತ್ತೇನೆ ಅಂತ ಎಟಿಎಂ ಕಾರ್ಡ್ ಇಟ್ಟುಕೊಳ್ಳುವವರು, ಪ್ರಾರ್ಥನೆಗೆ ಹೋಗಿ ಮನೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಸಭೆಗಳಲ್ಲಿ ಇದ್ದಾರೆ. ಹಿರಿಯರಿಗಾಗಿ ಸಹಾಯವಾಣಿ 14567 ಇದೆ. ನೋಡಿಕೊಳ್ಳುತ್ತೇನೆಂದು ಷರತ್ತಿಗೆ ಒಪ್ಪಿ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, ಆ ವರ್ಗಾವಣೆಯನ್ನೇ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಹುಡುಗಿ ಹೇಳಿದ ಮಾತನ್ನು ಅವಳ ಮಾತಿನಲ್ಲೇ, ತಾರೀಖು ಹಾಕಿ ಬರೆದಿಡಿ, ನಿಮ್ಮ ಊಹೆ ಸೇರಿಸಬೇಡಿ. ಇನ್ನೊಂದು ಪ್ರಶ್ನೆಯನ್ನೂ ಕೇಳಬೇಡಿ. ಅವಳಿಗೆ "ನೀನು ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿನ್ನದಲ್ಲ" ಅನ್ನಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ತಾಯಿಯನ್ನು ಮನೆಯಲ್ಲೇ ಕಂಡು ಮಾತಾಡಿ, ಚರ್ಚ್ ಕಾಂಪೌಂಡಿನಲ್ಲಿ ಬೇಡ. ಆರೋಪ ಬಂದವನಿಗೆ ಮುಂಚಿತವಾಗಿ ಸುಳಿವು ಕೊಡಬೇಡಿ, ಅವನ ಹೆಂಡತಿ ನಿಮ್ಮ ಗೆಳತಿಯಾದರೂ ಸರಿ. 1098ಕ್ಕೆ ಫೋನ್ ಮಾಡಿದ ಮೇಲೆ ಸಭಾಪಾಲಕರಿಗೆ ತಿಳಿಸಿ, ಅವರ ಅನುಮತಿಗೆ ಕಾಯಬೇಡಿ. ಅವರು ಮಿನಿಟ್ಸ್ ಪುಸ್ತಕ ತೆಗೆದರೆ ಸಹಿ ಹಾಕಬೇಡಿ.